ಹೆಣ್ಣುಮಕ್ಕಳ ಬೈಕ್ ಕ್ಲಬ್ಬಿನ ಸಾಕ್ಷ್ಯಚಿತ್ರ: ಮೈಸೂರು–ಮಂಡ್ಯ ರಸ್ತೆಗಳಲ್ಲಿ ಚಿತ್ರೀಕರಿಸುವ ಬಗೆ

ಹೆಣ್ಣುಮಕ್ಕಳ ಬೈಕ್ ಕ್ಲಬ್ಬಿನ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಆಕ್ಷನ್ ಕ್ಯಾಮೆರಾ ಕೊಳ್ಳುತ್ತಾರೆ. ಮೊದಲು ಕೊಳ್ಳಬೇಕಾದ್ದು ಒಳ್ಳೆಯ ಕಾಲರ್ ಮೈಕು. ಸಾಲಾಗಿ ಗಾಡಿ ಓಡುವ ದೃಶ್ಯ ಯಾರು ತೆಗೆದರೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಹೆಲ್ಮೆಟ್ಟಿನೊಳಗೆ ಒಬ್ಬಳು ತನ್ನಷ್ಟಕ್ಕೆ ಗುನುಗುವುದು, ಲಾರಿ ಒತ್ತಿಕೊಂಡು ಬಂದಾಗ ಬಾಯಿಂದ ಹಾರುವ ಬೈಗುಳ, ಹಿಂದಿನವಳು ಮುಂದಿನವಳಿಗೆ "ನಿಧಾನ ಕಣೇ, ಹಂಪ್ ಐತೆ" ಅನ್ನುವುದು ಮಾತ್ರ ಆ ಕ್ಲಬ್ಬಿನಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ಧ್ವನಿ ಕೆಟ್ಟರೆ ಇವೆಲ್ಲ ಹೋದಂತೆಯೇ. ಹಾಗಾಗಿ ಈ ಬರಹದಲ್ಲಿ ಧ್ವನಿಗೆ ಜಾಗ ಜಾಸ್ತಿ, ಡ್ರೋನಿಗೆ ಕಡಿಮೆ.

ಕ್ಯಾಮೆರಾ ಹಿಡಿಯುವ ಮೊದಲು ಅಮೆರಿಕದ ಕಪ್ಪು ಮಹಿಳಾ ಸವಾರರ ಇತಿಹಾಸ ಓದಿಕೊಳ್ಳಿ. ಏನು ಪ್ರಶ್ನೆ ಕೇಳಬೇಕು ಅನ್ನುವುದು ಅಲ್ಲಿಂದ ಚೆನ್ನಾಗಿ ಹೊಳೆಯುತ್ತದೆ. ಬೆಸ್ಸಿ ಸ್ಟ್ರಿಂಗ್‌ಫೀಲ್ಡ್ 1930ರ ದಶಕದಿಂದಲೇ ಒಬ್ಬಳೇ ಆ ದೇಶದ ಉದ್ದಗಲ ಬೈಕಿನಲ್ಲಿ ಸುತ್ತಿದವಳು. ನೆಲದ ಮೇಲೆ ನಕ್ಷೆ ಹರಡಿ, ಕಾಸು ಎಸೆದು, ಅದು ಬಿದ್ದ ಊರಿಗೆ ಹೊರಡುತ್ತಿದ್ದಳು. ಮೈಬಣ್ಣದ ಕಾರಣಕ್ಕೆ ವಸತಿಗೃಹದವರು ಕೋಣೆ ಕೊಡದಿದ್ದಾಗ ಪೆಟ್ರೋಲ್ ಬಂಕಿನಲ್ಲಿ ಗಾಡಿಯ ಮೇಲೆಯೇ ಮಲಗುತ್ತಿದ್ದಳು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸೈನ್ಯಕ್ಕಾಗಿ ಬೈಕಿನಲ್ಲಿ ಪತ್ರ, ದಾಖಲೆ ಸಾಗಿಸಿದಳು. ಆಮೇಲೆ ಮಯಾಮಿಯಲ್ಲಿ ನೆಲೆಸಿ ಅಲ್ಲೊಂದು ಬೈಕ್ ಕ್ಲಬ್ ಕಟ್ಟಿದಳು. ತೀರಿಕೊಂಡದ್ದು 1993ರಲ್ಲಿ, ಅಮೆರಿಕದ ಮೋಟಾರ್‌ಸೈಕಲ್ ಹಾಲ್ ಆಫ್ ಫೇಮ್‌ಗೆ ಅವಳ ಹೆಸರು ಸೇರಿದ್ದು 2002ರಲ್ಲಿ. ಅವಳ ಬದುಕಿನಲ್ಲಿ ಮನಸ್ಸಿಗೆ ನಾಟುವುದು ಎಷ್ಟು ಮೈಲಿ ಓಡಿಸಿದಳು ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಳು ಅನ್ನುವುದು. ನಿಮ್ಮ ಪ್ರಶ್ನೆಗಳೂ ಆ ಜಾಡಿನಲ್ಲೇ ಇರಲಿ: ಮನೆಯಲ್ಲಿ ಯಾರಿಗೆ ಹೇಳಿ ಹೊರಟಿರಿ, ದಾರಿಯಲ್ಲಿ ಶೌಚಕ್ಕೆ ಎಲ್ಲಿ ನಿಲ್ಲಿಸುತ್ತೀರಿ, ಪಂಕ್ಚರ್ ಆದರೆ ಯಾರಿಗೆ ಫೋನ್ ಮಾಡುತ್ತೀರಿ.

ಇವತ್ತಿನ ಕ್ಲಬ್ಬುಗಳ ಪೈಕಿ ನ್ಯೂ ಆರ್ಲಿಯನ್ಸ್‌ನ ಕ್ಯಾರಮೆಲ್ ಕರ್ವ್ಸ್ ಹೆಸರುವಾಸಿ. ಹೈಹೀಲ್ಸ್ ತೊಟ್ಟು, ಟೈರಿನಿಂದ ಗುಲಾಬಿ ಹೊಗೆ ಎಬ್ಬಿಸುವ ಕಪ್ಪು ಹೆಣ್ಣುಮಕ್ಕಳ ತಂಡ ಅದು. ಆ ಬೆಡಗು ಅವರದು, ಅವರ ಊರಿನ ಮೆರವಣಿಗೆಗಳ ಜೊತೆ ಬೆಳೆದದ್ದು. ಅದನ್ನು ತಂದು ಇಲ್ಲಿನವರಿಗೆ ಹೊದಿಸಬೇಡಿ. ಅಮೆರಿಕದ ಕ್ಲಬ್ಬುಗಳಲ್ಲಿ ಜಾಕೆಟ್ಟಿನ ಬೆನ್ನ ಮೇಲೆ ಹೊಲಿಯುವ ಲಾಂಛನಕ್ಕೆ, ಅಂದರೆ ಪ್ಯಾಚಿಗೆ, ಯಾರು ಯಾವುದನ್ನು ಹಾಕಬಹುದು ಅನ್ನುವುದಕ್ಕೆ ಬಿಗಿ ಕಟ್ಟಳೆಗಳಿವೆ. ಇಲ್ಲಿನ ತಂಡಕ್ಕೆ ಪ್ಯಾಚ್ ಇಲ್ಲದಿದ್ದರೆ ಚಿತ್ರಕ್ಕಾಗಿ ಹೊಲಿಸಬೇಡಿ.

ಮೊದಲು ಕಾಗದ ಪತ್ರ

ಚಿತ್ರೀಕರಣಕ್ಕೆ ಒಂದು ವಾರ ಮೊದಲು ಪ್ರತಿಯೊಬ್ಬರ ಡಿಎಲ್ ನೋಡಿ. ಸ್ಕೂಟರಿನಿಂದ ಬೈಕಿಗೆ ಬಂದ ಎಷ್ಟೋ ಹೆಣ್ಣುಮಕ್ಕಳ ಬಳಿ ಇರುವುದು ಗೇರಿಲ್ಲದ ಗಾಡಿಯ ಲೈಸೆನ್ಸ್ ಮಾತ್ರ. ಅಂಥವರು ಬುಲೆಟ್ ಓಡಿಸಿದರೆ ಅದು ಲೈಸೆನ್ಸ್ ಇಲ್ಲದ ಸವಾರಿಯೇ. ನಿಮ್ಮ ಚಿತ್ರ ಅದಕ್ಕೆ ಸಾಕ್ಷಿಯಾಗುತ್ತದೆ. ಅಪಘಾತವಾದರೆ ವಿಮೆಗೂ ತೊಡಕು. ಗಾಡಿ ಗಂಡನದೋ ಅಣ್ಣನದೋ ಆಗಿದ್ದರೆ ಆರ್‌ಸಿ ಮತ್ತು ವಿಮೆಯ ಪ್ರತಿ ಜೊತೆಗಿರಲಿ. ಹೆಲ್ಮೆಟ್ ಐಎಸ್‌ಐ ಗುರುತಿನದು, ಪೂರ್ತಿ ಮುಖ ಮುಚ್ಚುವಂಥದು. ಹಿಂದೆ ಕೂರುವ ಕ್ಯಾಮೆರಾದವರಿಗೂ ಅದೇ ನಿಯಮ.

ಒಪ್ಪಿಗೆ ಪತ್ರ ಕನ್ನಡದಲ್ಲಿ, ಒಂದೇ ಪುಟದಲ್ಲಿರಲಿ. "ಎಲ್ಲದಕ್ಕೂ ಒಪ್ಪಿಗೆ" ಎಂದು ಒಂದೇ ಸಹಿ ಹಾಕಿಸಿಕೊಳ್ಳುವುದು ಸರಿಯಲ್ಲ. ಮುಖ ತೋರಿಸಬಹುದೇ, ನಿಜವಾದ ಹೆಸರು ಹಾಕಬಹುದೇ, ಮನೆ ಮತ್ತು ಕೆಲಸದ ಜಾಗ ತೋರಿಸಬಹುದೇ, ಗಾಡಿ ನಂಬರ್ ಕಾಣಬಹುದೇ, ಮಕ್ಕಳು ಚೌಕಟ್ಟಿನಲ್ಲಿ ಬರಬಹುದೇ ಎಂದು ಒಂದೊಂದನ್ನೂ ಬೇರೆ ಬೇರೆ ಕೇಳಿ, ಎದುರಿಗೆ ಹೌದು–ಇಲ್ಲ ಎಂದು ಬರೆಸಿಕೊಳ್ಳಿ. ಅತ್ತೆಮನೆಗೆ ತಿಳಿಯದಂತೆ ಗಾಡಿ ಓಡಿಸುವವರು ಪ್ರತಿ ತಂಡದಲ್ಲೂ ಒಬ್ಬಿಬ್ಬರಿರುತ್ತಾರೆ. ಗುಂಪಿನ ಎದುರು ಕೇಳಿದರೆ ಅವರು ಸಂಕೋಚಕ್ಕೆ ಹೂಂ ಅನ್ನುತ್ತಾರೆ. ಒಬ್ಬೊಬ್ಬರನ್ನೇ ಕೂರಿಸಿ ಕೇಳಿ. ಸಂಕಲನ ಮುಗಿದ ಮೇಲೆ ಮತ್ತೊಮ್ಮೆ ಕೇಳುತ್ತೇವೆ ಎಂಬ ಮಾತನ್ನೂ ಪತ್ರದಲ್ಲೇ ಬರೆಯಿರಿ.

ರಸ್ತೆ ಆಯ್ಕೆ

ಮೈಸೂರು–ಬೆಂಗಳೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಬೈಕುಗಳು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಕ್ಯಾಮೆರಾ ಕಾರು ಮೇಲಿನ ಪಥದಲ್ಲಿ, ಬೈಕುಗಳು ಕೆಳಗೆ ಎಂದು ಯೋಜನೆ ಹಾಕಿದರೆ ನಡುವಿನ ತಡೆಗೋಡೆ, ಬೇಲಿ ಬಿಟ್ಟು ಇನ್ನೇನೂ ಸಿಗುವುದಿಲ್ಲ. ಕಾರನ್ನೂ ಸರ್ವಿಸ್ ರಸ್ತೆಗೇ ಇಳಿಸಬೇಕು. ಅಲ್ಲಿ ಎದುರಿನಿಂದ ಬರುವ ಗಾಡಿಗಳು, ಹಂಪುಗಳು, ತಟ್ಟನೆ ನಿಲ್ಲುವ ಬಸ್ಸುಗಳು ಇದ್ದದ್ದೇ. ಸಾಲು ಮತ್ತೆ ಮತ್ತೆ ಒಡೆಯುತ್ತದೆ.

ಅದರ ಬದಲು ಮೈಸೂರು–ಬನ್ನೂರು–ಮಳವಳ್ಳಿ ರಸ್ತೆ, ಇಲ್ಲವೇ ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ಮೇಲುಕೋಟೆಗೆ ಹೋಗುವ ರಸ್ತೆ ಹಿಡಿಯಿರಿ. ಗದ್ದೆ, ನಾಲೆ, ಕಬ್ಬು, ಕೊನೆಗೆ ಬೆಟ್ಟದ ತಿರುವು ಎಲ್ಲ ಒಂದೇ ಬೆಳಗಿನಲ್ಲಿ ಸಿಗುತ್ತವೆ. ಕಬ್ಬು ಅರೆಯುವ ಕಾಲದಲ್ಲಿ ಮಾತ್ರ ಎಚ್ಚರ: ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಕತ್ತಲಲ್ಲಿ ಕಾಣುವುದೇ ಇಲ್ಲ, ರಸ್ತೆಗೆ ಬಿದ್ದ ಜಲ್ಲೆ ಬೈಕಿನ ಚಕ್ರಕ್ಕೆ ಸಿಕ್ಕರೆ ಜಾರುತ್ತದೆ. ಸೂರ್ಯ ಮುಳುಗಿದ ಮೇಲೆ ಆ ರಸ್ತೆಗಳಲ್ಲಿ ಗುಂಪಿನ ದೃಶ್ಯ ತೆಗೆಯಬೇಡಿ. ಚಾಮುಂಡಿ ಬೆಟ್ಟಕ್ಕೆ ವಾರದ ನಡುವಿನ ದಿನ, ಬೆಳಕು ಹರಿಯುವ ಹೊತ್ತಿಗೆ ಹೋಗಿ; ಆಷಾಢ ಶುಕ್ರವಾರಗಳಂದು ಆ ಕಡೆ ತಲೆ ಹಾಕಬೇಡಿ. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಹಗಲಲ್ಲೂ ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ.

ಡ್ರೋನ್ ಬಗ್ಗೆ ಇಷ್ಟು ಸಾಕು: ಮಂಡಕಳ್ಳಿ ವಿಮಾನ ನಿಲ್ದಾಣ ಚಾಮುಂಡಿ ಬೆಟ್ಟದಿಂದ ದೂರವಿಲ್ಲ, ಕೆಆರ್‌ಎಸ್ ಅಣೆಕಟ್ಟು ಭದ್ರತೆಯ ಜಾಗ. ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರೋ ಹಳದಿಯೋ ಕೆಂಪೋ ನೋಡಿ. ಸವಾರರ ನೆತ್ತಿಯ ಮೇಲೆ ಎಂದೂ ಹಾರಿಸಬೇಡಿ.

ಹೆಲ್ಮೆಟ್ಟಿನೊಳಗಿನ ಧ್ವನಿ

ಬೇಕಾದದ್ದು ಇಷ್ಟು: ಇಬ್ಬರು ಸವಾರರಿಗೆ ಎರಡು ಕಾಲರ್ ಮೈಕು, ಎರಡು ಪುಟ್ಟ ರೆಕಾರ್ಡರ್, ಬಟ್ಟೆಯ ವೈದ್ಯಕೀಯ ಟೇಪು, ಗಾಳಿ ತಡೆಯಲು ಮೈಕಿಗೆ ಹಾಕುವ ಸ್ಪಂಜಿನ ಟೋಪಿ ಮತ್ತು ಅದರ ಮೇಲೆ ಹಾಕುವ ತುಪ್ಪಳದ ಟೋಪಿ. ಎರಡು ಮೈಕು ಯಾಕೆಂದರೆ, ಸವಾರರು ಪರಸ್ಪರ ಮಾತಾಡಲು ಹೆಲ್ಮೆಟ್ಟಿಗೆ ಹಾಕುವ ಇಂಟರ್‌ಕಾಮಿನಲ್ಲಿ ಇಬ್ಬರು ಮಾತಾಡುವಾಗ ಒಂದು ಮೈಕಿಗೆ ಒಬ್ಬರ ಮಾತೇ ಸಿಗುವುದು. ಎರಡನ್ನೂ ಬೇರೆ ಬೇರೆ ದಾಖಲಿಸಿ ಸಂಕಲನದಲ್ಲಿ ಜೋಡಿಸಿದಾಗ ಅದು ಸಂಭಾಷಣೆಯಾಗುತ್ತದೆ. ಇಂಟರ್‌ಕಾಮಿನಲ್ಲೇ ಧ್ವನಿಮುದ್ರಣದ ಸೌಲಭ್ಯವಿದ್ದರೂ ಅದನ್ನು ಗುರುತಿಗೆ ಮಾತ್ರ ಇಟ್ಟುಕೊಳ್ಳಿ. ಆ ಧ್ವನಿ ತುಂಬ ಕಿವುಚಿದ್ದು, ಥಿಯೇಟರಿನಲ್ಲಿ ಕೇಳಲಾಗುವುದಿಲ್ಲ.

ಮೈಕಿನ ತಲೆಯನ್ನು ಹೆಲ್ಮೆಟ್ಟಿನ ಕೆನ್ನೆದಿಂಬಿನ ಒಳ ಅಂಚಿಗೆ, ಬಾಯಿಯ ಮೂಲೆಯಿಂದ ಎರಡು ಬೆರಳು ಪಕ್ಕಕ್ಕೆ ಅಂಟಿಸಿ. ಬಾಯಿಯ ನೇರಕ್ಕೆ ಇಟ್ಟರೆ ಉಸಿರು ಬಡಿದು ಪಕಾರ, ಬಕಾರಗಳೆಲ್ಲ ಸಿಡಿಯುತ್ತವೆ. ಗದ್ದದ ಕೆಳಗೆ ಇಟ್ಟರೆ ಗಾಳಿ ನುಗ್ಗುವುದೇ ಅಲ್ಲಿಂದ. ತಂತಿ ಜಾಕೆಟ್ಟಿನ ಕಾಲರ್ ಒಳಗಿಂದ ಇಳಿದು ಎದೆಯ ಒಳಜೇಬಿನ ರೆಕಾರ್ಡರಿಗೆ ಸೇರಲಿ. ಕುತ್ತಿಗೆಯ ಹತ್ತಿರ ಒಂದು ಗೇಣು ತಂತಿ ಸಡಿಲವಾಗಿರಬೇಕು, ಇಲ್ಲದಿದ್ದರೆ ತಲೆ ತಿರುಗಿಸಿದಾಗಲೆಲ್ಲ ಎಳೆದು ಕರಕರ ಸದ್ದು ಬರುತ್ತದೆ. ತಿರುಪಿನ ಪ್ಲಗ್ ಇದ್ದರೆ ಬಿಗಿ ಮಾಡಬೇಡಿ, ಜಗ್ಗಿದರೆ ಕಳಚಿಕೊಳ್ಳಬೇಕು. ಯಾವ ತಂತಿಯೂ ಸವಾರಳ ಮೈಯಿಂದ ಗಾಡಿಗೆ ಹೋಗಕೂಡದು. ಬಿದ್ದರೆ ಅವಳು ಒಂದು ಕಡೆ, ಗಾಡಿ ಒಂದು ಕಡೆ ಜಾರಿಹೋಗಬೇಕು.

ರೆಕಾರ್ಡರಿನ ಆಟೋ ಲೆವೆಲ್ ಆರಿಸಿ. ಅದು ಆನ್ ಇದ್ದರೆ ಮಾತು ನಿಂತಾಗಲೆಲ್ಲ ಎಂಜಿನ್ ಸದ್ದನ್ನು ಎತ್ತಿ ಹಿಡಿಯುತ್ತದೆ, ಮಾತು ಶುರುವಾದಾಗ ಕುಗ್ಗಿಸುತ್ತದೆ. ಆ ಏರಿಳಿತವನ್ನು ಆಮೇಲೆ ಸರಿಪಡಿಸಲಾಗದು. 48 ಕಿಲೋಹರ್ಟ್ಸ್, 24 ಬಿಟ್ ಇಟ್ಟು, 50 ಕಿ.ಮೀ. ವೇಗದಲ್ಲಿ ಜೋರಾಗಿ ಮಾತಾಡಿಸಿ, ಲೆವೆಲ್ ಮೀಟರಿನ ಮುಳ್ಳು ಮೈನಸ್ 12 ಡೆಸಿಬಲ್ ದಾಟದಂತೆ ಹೊಂದಿಸಿ. ಮನೆಯ ಮುಂದೆ ನಿಂತು ಹೊಂದಿಸಿದ ಲೆವೆಲ್ ರಸ್ತೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ತುಂಬ ಜೋರಿನ, ತುಂಬ ಮೆಲ್ಲನೆಯ ಸದ್ದನ್ನೂ ಕೆಡದಂತೆ ಹಿಡಿಯುವ 32 ಬಿಟ್ ಫ್ಲೋಟ್ ಇರುವ ರೆಕಾರ್ಡರ್ ಸಿಕ್ಕರೆ ಈ ತಲೆನೋವು ಅರ್ಧ ಕಡಿಮೆ.

ಕೆಳಗಿನ ಸ್ತರದ ಸದ್ದನ್ನು ಕತ್ತರಿಸುವ ಲೋ ಕಟ್ 80ರಿಂದ 100 ಹರ್ಟ್ಸ್‌ನಲ್ಲಿರಲಿ. ಸಿಂಗಲ್ ಸಿಲಿಂಡರಿನ ಬುಲೆಟ್ 2,500 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 21 ಸಲ ಸಿಡಿಯುತ್ತದೆ. ಟೂ ಸ್ಟ್ರೋಕ್ ಜಾವಾ ಅದೇ ಆರ್‌ಪಿಎಂನಲ್ಲಿ ಅದರ ಎರಡರಷ್ಟು. ಈ ಗುಡುಗೆಲ್ಲ ಕೆಳಗಿನ ಸ್ತರದ್ದು. ಹೆಣ್ಣುದನಿ ಅದಕ್ಕಿಂತ ಮೇಲಿರುವುದರಿಂದ ಕತ್ತರಿಸಿದರೆ ಮಾತಿಗೆ ನಷ್ಟವಿಲ್ಲ. ಆದರೆ 60 ಕಿ.ಮೀ. ದಾಟಿದ ಮೇಲೆ ಕಾಡುವುದು ಗಾಳಿ, ಅದು ಎಲ್ಲ ಸ್ತರಗಳಲ್ಲೂ ಇರುತ್ತದೆ. ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ತೊಳೆಯದು. ಮಾತು ಬೇಕಾದ ಕಡೆ ವೈಸರ್ (ಹೆಲ್ಮೆಟ್ಟಿನ ಮುಂದಿನ ಗಾಜು) ಮುಚ್ಚಿ, ವೇಗ 40–50ರಲ್ಲಿರಲಿ. ಓಡಿಸುತ್ತಿರುವವಳಿಗೆ ಪ್ರಶ್ನೆ ಕೇಳಬೇಡಿ. ಅವರವರೇ ಆಡಿಕೊಂಡದ್ದನ್ನು ದಾಖಲಿಸಿ, ಸಂದರ್ಶನ ಗಾಡಿ ನಿಲ್ಲಿಸಿದ ಮೇಲೆ.

ಗಾಡಿಗಳ ಸದ್ದನ್ನು ಬೇರೆಯಾಗಿಯೇ ದಾಖಲಿಸಬೇಕು. ಬೆಳಗಿನ ಜಾವ ಊರಾಚೆಯ ಬಯಲಲ್ಲಿ, ಸೈಲೆನ್ಸರಿನ ನೇರಕ್ಕೆ ಬಾರದಂತೆ ಎರಡು ಮೀಟರ್ ದೂರದಲ್ಲಿ ರೆಕಾರ್ಡರ್ ಇಟ್ಟು, ಪ್ರತಿ ಗಾಡಿಯದೂ ಸ್ಟಾರ್ಟ್, ಒಂದು ನಿಮಿಷದ ಐಡಲ್, ನಿಧಾನಕ್ಕೆ ಏರುವ ರೇಸು, ಹೊರಡುವುದು, 30 ಕಿ.ಮೀ.ನಲ್ಲಿ ಹಾದುಹೋಗುವುದು, ಬಂದು ನಿಲ್ಲುವುದು. ಬುಲೆಟ್ ಓಡಿಸುವವಳ ದೃಶ್ಯಕ್ಕೆ ಪಲ್ಸರ್ ಸದ್ದು ಸೇರಿಸಿದರೆ ಗಾಡಿ ಬಲ್ಲವರು ಅಲ್ಲೇ ಚಿತ್ರದ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ.

ಪ್ರತಿ ನಿಲುಗಡೆಯಲ್ಲೂ ಎಲ್ಲ ಕ್ಯಾಮೆರಾ, ಎಲ್ಲ ರೆಕಾರ್ಡರ್ ಓಡುತ್ತಿರುವಾಗಲೇ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸಂಕಲನದಲ್ಲಿ ಚಿತ್ರ, ಧ್ವನಿ ಹೊಂದಿಸುವುದು ಆ ಸದ್ದಿನಿಂದಲೇ. ಅಗ್ಗದ ರೆಕಾರ್ಡರಿನ ಗಡಿಯಾರ ಕ್ಯಾಮೆರಾದ್ದಕ್ಕಿಂತ ತುಸು ಹಿಂದೆ ಮುಂದೆ ಓಡುತ್ತದೆ. ಬೆಳಿಗ್ಗೆ ಒಮ್ಮೆ ತಟ್ಟಿ ಸುಮ್ಮನಾದರೆ ಮಧ್ಯಾಹ್ನದ ಹೊತ್ತಿಗೆ ತುಟಿಗೂ ಮಾತಿಗೂ ಹೊಂದುವುದಿಲ್ಲ.

ಕ್ಯಾಮೆರಾ ಕೂರಿಸುವ ಜಾಗ

ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ ಅಂಟಿಸಬೇಡಿ. ಬಿದ್ದಾಗ ಆ ಗಟ್ಟಿ ಉಬ್ಬು ನೆಲಕ್ಕೆ ಸಿಕ್ಕಿ ಕುತ್ತಿಗೆಯನ್ನು ತಿರುಚಬಹುದು. ಹ್ಯಾಂಡಲ್ ಬಾರ್ ಕೂಡ ಬೇಡ: ಬುಲೆಟ್ಟಿನ ನಡುಕಕ್ಕೆ ಚಿತ್ರ ಅಲೆ ಅಲೆಯಾಗಿ ತೊಯ್ದಾಡುತ್ತದೆ. ಫೋನಂತೂ ಅಲ್ಲಿಗೆ ಬೇಡವೇ ಬೇಡ. ಹೆಚ್ಚು ಶಕ್ತಿಯ ಬೈಕ್ ಎಂಜಿನ್ನಿನ ಕಂಪನ ಐಫೋನ್ ಕ್ಯಾಮೆರಾದ ಸ್ಥಿರತೆಯ ವ್ಯವಸ್ಥೆಯನ್ನು ಹಾಳುಮಾಡಬಹುದೆಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ.

ಚೆನ್ನಾಗಿ ಒದಗುವ ಜಾಗ ಎರಡು. ಎದೆಯ ಪಟ್ಟಿಯ ಮೇಲೆ ಇಟ್ಟರೆ ಮೈಯೇ ನಡುಕವನ್ನು ಹೀರಿಕೊಳ್ಳುತ್ತದೆ. ಕೈ, ಕ್ಲಚ್ಚು, ಮುಂದಿನ ರಸ್ತೆ ಕಾಣುತ್ತವೆ. ಪೆಟ್ರೋಲ್ ಟ್ಯಾಂಕಿನ ಮುಂಭಾಗದಲ್ಲಿ ಮೇಲ್ಮುಖವಾಗಿ ಇಟ್ಟರೆ ಮುಖ ಸಿಗುತ್ತದೆ. ಅದಕ್ಕೆ ವೈಸರ್ ಪಾರದರ್ಶಕವೇ ಇರಬೇಕು. ಕಪ್ಪು ವೈಸರ್ ಹಾಕಿದರೆ ಕಣ್ಣು ಹೋಯಿತು, ಕಣ್ಣು ಹೋದರೆ ಯಾರು ಓಡಿಸಿದರೂ ಒಂದೇ. ಅಂಟಿಸುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹಿಂದಿನ ದಿನವೇ ಅಂಟಿಸಿ. ಅಂಟು ಪೂರ್ತಿ ಹಿಡಿಯಲು 24 ಗಂಟೆ ಬೇಕು. ಬೆಳಿಗ್ಗೆ ಆರಕ್ಕೆ ಅಂಟಿಸಿ ಏಳಕ್ಕೆ ಹೊರಟರೆ ಮೊದಲ ಹಂಪಿಗೇ ಕಿತ್ತು ಬರುತ್ತದೆ. ನೈಲಾನ್ ದಾರದ ಕಾವಲೂ ಇರಲಿ, ಆದರೆ ಚಕ್ರಕ್ಕೆ ಎಟುಕದಷ್ಟು ಗಿಡ್ಡ.

ಸೆಕೆಂಡಿಗೆ 25 ಫ್ರೇಮ್, ಆ್ಯಂಟಿ ಫ್ಲಿಕರ್ 50 ಹರ್ಟ್ಸ್ ಎಂದು ಎಲ್ಲ ಕ್ಯಾಮೆರಾಗಳಲ್ಲೂ ಹೊಂದಿಸಿ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್. ಕೊಂಡಾಗ ಕ್ಯಾಮೆರಾದಲ್ಲಿ 30 ಫ್ರೇಮ್, 60 ಹರ್ಟ್ಸ್ ಇದ್ದರೆ ಗ್ಯಾರೇಜಿನ ಟ್ಯೂಬ್‌ಲೈಟು, ಬೀದಿದೀಪ, ಭಾನುವಾರ ಸಂಜೆ ಅರಮನೆಯ ದೀಪಾಲಂಕಾರ ಎಲ್ಲವೂ ಮಿಣುಕಬಹುದು. ದೊಡ್ಡ ಕ್ಯಾಮೆರಾದಲ್ಲಿ ಶಟರ್ 1/50 ಸೆಕೆಂಡಿಗೆ ಇಟ್ಟು, ಬಿಸಿಲಿಗೆ ಬೆಳಕು ತಗ್ಗಿಸುವ ಎನ್‌ಡಿ16 ಅಥವಾ ಎನ್‌ಡಿ32 ಫಿಲ್ಟರ್ ಹಾಕಿ. ಫಿಲ್ಟರ್ ಇಲ್ಲದೆ ಶಟರ್ 1/1000ಕ್ಕೆ ಏರಿದರೆ ಚಕ್ರದ ಕಡ್ಡಿಗಳು ನಿಂತಂತೆ ಕಂಡು ವೇಗವೇ ಸತ್ತುಹೋಗುತ್ತದೆ. ಆಕ್ಷನ್ ಕ್ಯಾಮೆರಾದ ಲೆಕ್ಕ ಬೇರೆ: ಅದರೊಳಗಿನ ಸ್ಥಿರೀಕರಣಕ್ಕೆ ಒಂದೊಂದು ಫ್ರೇಮೂ ಚೂಪಾಗಿರಬೇಕು, ಹಾಗಾಗಿ ಅಲ್ಲಿ 1/100ರಿಂದ 1/200.

ಗುಂಪಿನ ಸವಾರಿ

ಮುಂದೆ ದಾರಿ ತೋರುವ ಲೀಡ್, ಎಲ್ಲರಿಗಿಂತ ಹಿಂದೆ ಬರುವ ಸ್ವೀಪ್, ನಡುವೆ ಹೊಸಬರು. ಲೀಡ್ ತನ್ನ ಪಥದ ಬಲಭಾಗದಲ್ಲಿ, ಎರಡನೆಯವಳು ಒಂದು ಸೆಕೆಂಡು ಹಿಂದೆ ಎಡಭಾಗದಲ್ಲಿ, ಮೂರನೆಯವಳು ಲೀಡಿನ ನೇರಕ್ಕೆ ಎರಡು ಸೆಕೆಂಡು ಹಿಂದೆ. ತಿರುವಿನಲ್ಲಿ, ಕಿರಿದಾದ ಸೇತುವೆಯಲ್ಲಿ ಒಂದೇ ಸಾಲು. ಕ್ಯಾಮೆರಾ ಕಂಡೊಡನೆ ಎಲ್ಲರೂ ಹತ್ತಿರ ಹತ್ತಿರ ಬರುತ್ತಾರೆ, ವೇಗ ಏರಿಸುತ್ತಾರೆ. ಹಾಗಾಗದಂತೆ ವೇಗ ಗೊತ್ತುಮಾಡುವುದು ಲೀಡ್ ಮಾತ್ರ ಎಂದು ಮೊದಲೇ ಹೇಳಿಬಿಡಿ. ಕ್ಯಾಮೆರಾ ಕಾರು ಲೀಡಿಗಿಂತ ಮುಂದೆ ಇರಲಿ ಇಲ್ಲವೇ ಸ್ವೀಪಿನ ಹಿಂದೆ ಇರಲಿ, ಸಾಲಿನ ನಡುವೆ ಎಂದೂ ನುಗ್ಗದಿರಲಿ. ಡಿಕ್ಕಿ ತೆರೆದು ಕಾಲು ಇಳಿಬಿಟ್ಟು ತೆಗೆಯುವುದು ಬೇಡ. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕಿಟಕಿಯಿಂದ ತೆಗೆಯಿರಿ. ಲೆನ್ಸು ಅಗಲವಾದದ್ದು, ಕ್ಯಾಮೆರಾ ಆದಷ್ಟು ತಗ್ಗಿನಲ್ಲಿ ಇದ್ದರೆ 35 ಕಿ.ಮೀ. ವೇಗವೂ 60ರಂತೆ ಕಾಣುತ್ತದೆ.

ನಿಜಕ್ಕೂ ಒಳ್ಳೆಯ ದೃಶ್ಯ ಸಿಗುವುದು ರಸ್ತೆ ಬದಿಯಲ್ಲಿ ನಿಂತಾಗ. 135–200 ಮಿ.ಮೀ. ಲೆನ್ಸಿನಲ್ಲಿ ದೂರದ ತಿರುವನ್ನು ಹಿಡಿದು ಕಾಯಿರಿ, ಇಡೀ ಸಾಲು ಒಟ್ಟಾಗಿ ಕಾಣುತ್ತದೆ. ತಿರುವಿನ ಒಳಬದಿಯಲ್ಲೇ ನಿಲ್ಲಿ. ಹಿಡಿತ ತಪ್ಪಿದ ಗಾಡಿ ಹೋಗುವುದು ಹೊರಬದಿಗೆ.

ಬೆಳಕು ಇಲ್ಲಿ ಬೇಗ ಏರುತ್ತದೆ. ಸೂರ್ಯ ಹುಟ್ಟಿದ ಮೇಲಿನ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ ಹೊಂಬೆಳಕು. ಡಿಸೆಂಬರ್–ಜನವರಿಯಲ್ಲಿ ಕಾವೇರಿ ಬಯಲಿನ ಮಂಜು ಅದನ್ನು ಇನ್ನಷ್ಟು ಹೊತ್ತು ಹಿಡಿದಿಡುತ್ತದೆ. 11ರಿಂದ 3:30ರವರೆಗೆ ರಸ್ತೆ ದೃಶ್ಯ ಬಿಟ್ಟು ಮೆಕ್ಯಾನಿಕ್ ಅಂಗಡಿ, ಅಡುಗೆಮನೆ, ಸಂದರ್ಶನ ಮುಗಿಸಿಕೊಳ್ಳಿ.

ತಂಡದಲ್ಲಿ ಹಳೆಯ ಜಾವಾ ಅಥವಾ ಯೆಜ್ಡಿ ಇದ್ದರೆ ಅದಕ್ಕೊಂದು ಬೆಳಗು ಮೀಸಲಿಡಿ. ಮೈಸೂರಿನ ಯಾದವಗಿರಿಯಲ್ಲಿ ಈ ಗಾಡಿಗಳನ್ನು ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1960ರಲ್ಲಿ ಹುಟ್ಟಿ 1996ರಲ್ಲಿ ಮುಚ್ಚಿತು. ಈ ಊರಿನಲ್ಲೇ ಹುಟ್ಟಿದ ಗಾಡಿಯನ್ನು ಈ ಊರಿನ ಹೆಣ್ಣುಮಗಳು ಸ್ಟಾರ್ಟ್ ಮಾಡುವುದನ್ನು ಹತ್ತಿರದಿಂದ ತೋರಿಸುವುದಕ್ಕಿಂತ ಒಳ್ಳೆಯ ದೃಶ್ಯ ಮೈಸೂರಿನಲ್ಲಿ ಸಿಗಲಾರದು. ಕ್ಯಾಮೆರಾ ಎಡಬದಿಗೆ, ಮೊಣಕಾಲ ಎತ್ತರದಲ್ಲಿರಲಿ. ಮೊದಲು ಕಾರ್ಬ್ಯುರೇಟರಿನ ಗುಂಡಿಯನ್ನು ಬೆರಳಿಗೆ ಪೆಟ್ರೋಲ್ ತಾಗುವವರೆಗೆ ಒತ್ತುತ್ತಾಳೆ. ಗೇರ್ ಲಿವರನ್ನು ಒಳಕ್ಕೆ ತಳ್ಳಿ ಮೇಲಕ್ಕೆ ತಿರುಗಿಸುತ್ತಾಳೆ; ಈಗ ಅದೇ ಕಿಕ್ಕರ್. ಒದೆತ, ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ, ಲಿವರ್ ಮತ್ತೆ ಗೇರಾಗುತ್ತದೆ. ಸೂರ್ಯ ಹೊಗೆಯ ಹಿಂದಿರಲಿ. ಇದನ್ನು ಕತ್ತರಿಸದೆ ಒಂದೇ ಶಾಟಿನಲ್ಲಿ ತೆಗೆಯಿರಿ. ಎರಡು ಮೂರು ಒದೆತ ಬೇಕಾದರೂ ಹಾಗೇ ಇರಲಿ.

ಕಾರ್ಡು, ಸಂಕಲನ, ಅಕ್ಷರ

ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ವಿಡಿಯೊ ದಾಖಲಿಸಿದರೆ ಗಂಟೆಗೆ 45 ಜಿಬಿ. 128 ಜಿಬಿ ಕಾರ್ಡು ಎರಡೂ ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಮೂರು ಕ್ಯಾಮೆರಾ ದಿನಕ್ಕೆ ಎರಡೆರಡು ಗಂಟೆ ಓಡಿದರೆ 270 ಜಿಬಿ. ಒಂದು ವಾರಾಂತ್ಯಕ್ಕೇ ಅರ್ಧ ಟಿಬಿ ದಾಟುತ್ತದೆ. 2 ಟಿಬಿಯ ಎರಡು ಡಿಸ್ಕು ಕೊಳ್ಳಿ, ಅವತ್ತಿನದನ್ನು ಅವತ್ತೇ ರಾತ್ರಿ ಎರಡಕ್ಕೂ ಹಾಕಿ, ಎರಡನ್ನು ಬೇರೆ ಬೇರೆ ಮನೆಯಲ್ಲಿಡಿ. ಅದಾದ ಮೇಲೆಯೇ ಕಾರ್ಡು ಅಳಿಸುವುದು.

ಸಂದರ್ಶನಕ್ಕೆ ಫ್ಯಾನ್ ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು, ಖಾಲಿ ಕೋಣೆಯ ಸದ್ದನ್ನು ಒಂದು ನಿಮಿಷ ದಾಖಲಿಸಿ. ಮದ್ದೂರಿನಲ್ಲಿ ವಡೆ ತಿನ್ನಲು ನಿಂತಾಗ ಹೋಟೆಲಿನ ಸ್ಪೀಕರಿನಲ್ಲಿ ಚಿತ್ರಗೀತೆ ಬರುತ್ತಿದ್ದರೆ ಸ್ವಲ್ಪ ಹೊತ್ತು ನಿಲ್ಲಿಸಲು ಕೇಳಿಕೊಳ್ಳಿ. ಯೂಟ್ಯೂಬಿಗೆ ಹಾಕಿದಾಗ ಆ ಹಾಡಿನ ಹಕ್ಕುದಾರರ ಆಕ್ಷೇಪ ಬರುತ್ತದೆ, ಮಾತಿನಿಂದ ಹಾಡನ್ನು ಬೇರ್ಪಡಿಸುವುದು ಕಷ್ಟ.

ಮಂಡ್ಯದ ಮಾತನ್ನು ಅಡಿಬರಹದಲ್ಲಿ ಗ್ರಾಂಥಿಕಕ್ಕೆ ತಿದ್ದಬೇಡಿ. "ಏನ್ಲಾ", "ಒಂಟೋಗದೇಯ" ಎಂದರೆ ಹಾಗೆಯೇ ಬರೆಯಿರಿ. ಅಕ್ಷರಗಳಿಗೆ ಯೂನಿಕೋಡ್ ಫಾಂಟ್ ಬಳಸಿ. ಶುರುವಿಗೇ "ಸ್ತ್ರೀ, ಸಾಕ್ಷ್ಯ, ಅರ್ಥ" ಈ ಮೂರನ್ನು ಟೈಪ್ ಮಾಡಿ ನೋಡಿ. ಒತ್ತು ಕಳಚಿ ಪಕ್ಕಕ್ಕೆ ಬಿದ್ದರೆ ಸಂಕಲನ ತಂತ್ರಾಂಶದ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಹುಡುಕಿ ಹಾಕಬೇಕು. ಎರಡು ಸಾಲಿಗಿಂತ ಹೆಚ್ಚು ಬೇಡ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿ.

ಇಡೀ ಚಿತ್ರದಲ್ಲಿ ಓಡುವ ಗಾಡಿಯ ಪಾಲು ಮೂರನೇ ಒಂದಕ್ಕಿಂತ ಹೆಚ್ಚಾದರೆ ನೋಡುಗರು ಸುಸ್ತಾಗುತ್ತಾರೆ. ಭಾನುವಾರದ ಸಭೆಯಲ್ಲಿ ಪೆಟ್ರೋಲ್ ಖರ್ಚಿನ ಜಗಳ, ಬಿದ್ದ ಬುಲೆಟ್ಟನ್ನು ಒಬ್ಬಳೇ ಎತ್ತುವುದನ್ನು ಹೊಸಬಳಿಗೆ ಕಲಿಸುವುದು, ಮಗುವನ್ನು ತಾಯಿಮನೆಯಲ್ಲಿ ಬಿಟ್ಟು ಬರುವುದು, ಇವುಗಳಿಗೆ ಉಳಿದ ಜಾಗ ಕೊಡಿ.

ಮೊದಲ ಕರಡನ್ನು ಬೇರೆ ಯಾರಿಗೂ ತೋರಿಸುವ ಮೊದಲು ಕ್ಲಬ್ಬಿನವರನ್ನು ಕೂರಿಸಿ ತೋರಿಸಿ. ಒಪ್ಪಿಗೆ ಪತ್ರ ಕೈಯಲ್ಲಿ ಹಿಡಿದು ಒಂದೊಂದೇ ದೃಶ್ಯಕ್ಕೆ ತಾಳೆ ನೋಡಿ. ಬೇಡ ಅಂದದ್ದನ್ನು ವಾದ ಮಾಡದೆ ತೆಗೆಯಿರಿ. ಕೆಎ-09, ಕೆಎ-55, ಕೆಎ-11 ಎಂದು ಶುರುವಾಗುವ ಫಲಕಗಳನ್ನು ಮಸುಕು ಮಾಡುವಾಗ ಹಿಂದಿನ ಫಲಕವೊಂದನ್ನೇ ನೋಡಿದರೆ ಸಾಲದು: ಮುಂದಿನ ಮಡ್‌ಗಾರ್ಡ್, ಗೋಡೆಗೆ ಒರಗಿಸಿದ ಮಗಳ ಸ್ಕೂಟಿ, ಅಂಗಡಿ ಗಾಜಿನಲ್ಲಿ ತಿರುಗುಮುರುಗಾಗಿ ಬಿದ್ದ ಪ್ರತಿಬಿಂಬ, ಇವನ್ನೆಲ್ಲ ದೊಡ್ಡ ಪರದೆಯಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಬೇಕು.